ಮೂರನೇ ಗುಂಡಿ

ಹನ್ನೊಂದು ದಿನದಲ್ಲಿ ಒಂದು ಕೊಲೆ, ಒಬ್ಬ ಪತ್ತೇದಾರ,
ಅರವತ್ತಮೂರು ನಿಮಿಷ.
ದೊಡ್ಡ ಚಿತ್ರಕ್ಕೆ ಬಂದವರು ಒದ್ದೆ ಕೋಟು ಕಳಚಿ
ಮಿಠಾಯಿ ಕಾಗದ ಬಿಚ್ಚುವಷ್ಟು ಹೊತ್ತು
ಪರದೆಯ ಮೇಲೆ ಏನಾದರೂ ಓಡಬೇಕಲ್ಲ, ಅದು ನಮ್ಮದು.

ಲಂಡನ್ನಿನ ತೆಂಕಣ ಅಂಚು, ಹಳೇ ಬಿಸ್ಕತ್ತು ಕಾರ್ಖಾನೆಯ ಶೆಡ್ಡು.
ಇದ್ದದ್ದೊಂದೇ ಮೆಟ್ಟಿಲು: ಬೆಳಿಗ್ಗೆ ಬ್ಯಾಂಕಿನದು,
ಕಂಬಿಗೆ ಕಪ್ಪು ಬಳಿದರೆ ವಿಧವೆಯ ಮನೆಯದು.
ಕಳ್ಳರು ಓಡಿದ ಕಾರಲ್ಲೇ ಪೊಲೀಸರು ಅಟ್ಟಿದರು,
ನಡುವೆ ನಂಬರ್ ಫಲಕ ಬಿಚ್ಚಿ ಹಾಕಿದವಳು ನಾನು.
ಥೇಮ್ಸಿನ ಮಂಜು ಅಂದರೆ ಸೀಮೆಎಣ್ಣೆಯ ಹೊಗೆ.
ಪತ್ತೇದಾರ ಕೆಮ್ಮಿದ್ದು ನಟನೆಯಲ್ಲ.

ನನ್ನ ಕೆಲಸ ಲೆಕ್ಕ ಇಡುವುದು.
ಸಿಗರೇಟು ಎಷ್ಟು ಸುಟ್ಟಿತ್ತು, ಟೋಪಿ ಎತ್ತ ವಾಲಿತ್ತು,
ವಿಸ್ಕಿ ಲೋಟದಲ್ಲಿ ತಣ್ಣಗಾದ ಚಹಾ ಎಷ್ಟು ಬೆರಳು.
ಹಿಂದಿನ ಕ್ಷಣಕ್ಕೂ ಮುಂದಿನದಕ್ಕೂ
ಜಗಳ ಬಾರದಂತೆ ಕಾಯುವುದು.

ಹೆಣವಾಗಬೇಕಿದ್ದವನು ಬರಲಿಲ್ಲ.
ಕಕ್ಕಸಿನ ಕೊಳಾಯಿ ಸರಿಮಾಡಲು ಬಂದಿದ್ದ ಡೆನ್ಜಿಲ್ ಟ್ರೆಗೇರ್‌ನನ್ನು ಹಿಡಿದು
ಮೂರು ಗಿನಿ ಕೊಡುತ್ತೇವೆ, ಮಲಗು ಅಂದರು.
ಮಲಗುವ ಮೊದಲು ಸ್ಪ್ಯಾನರು ನನ್ನ ಕೈಗಿತ್ತ,
'ಸತ್ತಮೇಲೂ ಚುಚ್ಚುತ್ತೆ ನೋಡಿ, ಜೇಬಲ್ಲಿದ್ದರೆ.'

ಕ್ಯಾಮೆರಾ ಸರಿಯಿತು. ವಿಧವೆ ಅತ್ತಳು.
ಅಳು ಮುಗಿಯುವುದರೊಳಗೆ ಅವನ ಅಂಗಿಯ ಮೂರನೇ ಗುಂಡಿ
ಎದ್ದಿತು, ಇಳಿಯಿತು.
ಇನ್ನೊಮ್ಮೆ.
ಉಳಿದದ್ದು ಎಂಬತ್ತಡಿ ಫಿಲ್ಮು. ಆರು ಗಂಟೆಗೆ ಹತ್ತು ನಿಮಿಷ.
'ಎಲ್ಲಾ ಸರಿಯಾ?' ನಿರ್ದೇಶಕ ನನ್ನತ್ತ ತಿರುಗಿದ.

ಹೆಣ ಉಸಿರಾಡಿತ್ತು.
ನಾನು ಉಸಿರೆತ್ತಲಿಲ್ಲ.

ಮೊನ್ನೆ ಗ್ರಿಮ್ಸ್‌ಬಿಯ ಈ ಕೋಣೆಯಲ್ಲಿ
ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದಾಗ
ಮಧ್ಯಾಹ್ನದ ಟೀವಿಯಲ್ಲಿ ಬಂತು,
ಸ್ನಾನದ ತೊಟ್ಟಿಯ ಜಾಹೀರಾತುಗಳ ಸಂದಿಯಲ್ಲಿ.
ಪತ್ತೇದಾರ ಕುಡಿದೇ ಹೋದ. ವಿಧವೆ ಟೊರಾಂಟೊದಲ್ಲಿ ತೀರಿಕೊಂಡಳಂತೆ.
ಶೆಡ್ಡಿದ್ದ ಕಡೆ ಕಾರ್ಪೆಟ್ಟು ಮಾರುತ್ತಾರೆ.
ಟ್ರೆಗೇರ್ ಏನಾದನೋ. ಗಡಿಬಿಡಿಯಲ್ಲಿ ಮರೆತು ಹೋದ ಸ್ಪ್ಯಾನರು
ಚಮಚಗಳ ಜೊತೆ ನನ್ನ ಡ್ರಾಯರಿನಲ್ಲಿದೆ.

ಇಲ್ಲದವರೆಲ್ಲ ಪರದೆಯಲ್ಲಿ ಓಡಾಡಿದರು,
ಗುಂಡು ಹಾರಿಸಿದರು, ವಾದಿಸಿದರು, ಸಿಕ್ಕಿಬಿದ್ದರು.
ಅವನೊಬ್ಬನೇ ನೆಲದ ಮೇಲೆ ತನ್ನಷ್ಟಕ್ಕೆ
ಬದುಕಿದ್ದ.

ಹಳೇ ಚಾಳಿ, ಟೀವಿ ಪತ್ರಿಕೆಯ ಅಂಚಿನಲ್ಲಿ ಗುರುತು ಹಾಕಿದೆ.
ಎರಡಲ್ಲ, ಮೂರು ಸಲ.
ಅಷ್ಟು ವರ್ಷ ತಪ್ಪಾಗಿ ಎಣಿಸಿಟ್ಟುಕೊಂಡಿದ್ದೆ.