ಸೊನ್ನೆ ಟಿಕೆಟ್ಟು

ಹನ್ನೊಂದು ವರ್ಷ ಕೂಗಿದ್ದೇನೆ ಈ ಹೆಸರ:
"ಕೊಂಡಜ್ಜಿ, ಕೊಂಡಜ್ಜೀ... ಇಳಿಯೋರು ಮುಂದ್ ಬರ್ರಿ."
ಬಾಗಿಲಿನಿಂದ ಕಂಡದ್ದು ಒಂದು ಕಮಾನು,
ಗಿಡಗಳ ಸಂದಿಯಲ್ಲಿ ಹೊಳೆದು ಆರುವ ತುಸು ನೀರು.
ಉಳಿದದ್ದೆಲ್ಲ ಎರಡು ಸೀಟಿಯ ನಡುವೆ ಕಳೆದುಹೋಯಿತು.

ಇವತ್ತು ವಾರದ ರಜೆ.
ಮಗಳ ಶಾಲೆಯ ಬಿಳಿ ಬೂಟು ಹಾಕಿದ್ದೇನೆ, ಹೆಬ್ಬೆರಳು ಒತ್ತುತ್ತದೆ.
ದಾವಣಗೆರೆ ಸ್ಟ್ಯಾಂಡಿನಲ್ಲಿ ನೂರುನ್ನಿಸಾ ನಗುತ್ತ
ಹರಿದು ಕೊಟ್ಟಳು ನನಗೂ ಒಂದು ಸೊನ್ನೆ ಟಿಕೆಟ್ಟು.
"ಯಾರ್ ಮನೀಗೆ?"
"ಯಾರ್ ಮನೀಗೂ ಅಲ್ಲ."
ಇಳಿದೆ. ಬಸ್ಸು ನನ್ನ ಬಿಟ್ಟು ಹೋಗುವುದನ್ನು
ಮೊದಲ ಸಲ ಹಿಂದಿನಿಂದ ನೋಡಿದೆ:
ಎಷ್ಟೊಂದು ಧೂಳು, ಪಾಪ, ಅದರ ಬೆನ್ನಿಗೆ.

ಪಾರ್ಕಿನಲ್ಲಿ ಯಾರೂ ಇಲ್ಲ. ಜಾರುಬಂಡೆಯ ತುದಿಗೆ
ಒಂದು ಓತಿಕ್ಯಾತ, ಇಳಿಯಲೋ ಬೇಡವೋ ಎಂದು
ಕತ್ತು ಹಾಕುತ್ತಿದೆ.
ಬೋರಲು ಬಿದ್ದ ದೋಣಿಯ ಮೇಲೆ ಯಾರದೋ ಒಣಗುವ ಟವೆಲ್ಲು.
ಬೇಲಿ ಮುರಿದಲ್ಲಿ ಕಾಲುದಾರಿ ಕಾಡಿಗೆ ಹೊರಳುತ್ತದೆ.

ಇದು ನಿಂತ ನೆಲ, ನನಗೆ ಗೊತ್ತು.
ಆದರೂ ತಿರುವು ಬಂದಾಗ ಕೈ ತಾನೇ ಮೇಲಕ್ಕೆ ಹೋಗುತ್ತದೆ
ಕಂಬಿ ಹುಡುಕಿ.
ಸಿಕ್ಕದ್ದು ಕಮರದ ಕೊಂಬೆ, ಎರಡು ಮುಳ್ಳು.
ಬೆರಳು ಚೀಪುತ್ತ ನಡೆದೆ.
ತಂಗಡಿಯ ಹಳದಿ, ಬಂದರೆಯ ಅಂಟು ವಾಸನೆ,
ಕಲ್ಲ ಮೇಲೆ ನವಿಲಿನ ಹಿಕ್ಕೆ, ನವಿಲಿಲ್ಲ.
ಒಮ್ಮೆ ಎಡಕ್ಕೆ ಕೆರೆ, ಒಮ್ಮೆ ಕೆರೆಯೇ ಇಲ್ಲ,
ಆಮೇಲೆ ಏರು ಹತ್ತಿದರೆ ಅಯ್ಯೋ ಇಷ್ಟಗಲ!
ಕಿಟಕಿಯ ಅಳತೆಗೆ ಕತ್ತರಿಸಿದ್ದನ್ನೇ
ನಾನು ಇಷ್ಟು ದಿನ ಕೆರೆ ಅಂದುಕೊಂಡಿದ್ದೆ.

ಎಲ್ಲೋ ಸ್ಕೌಟು ಹುಡುಗರ ಸೀಟಿ.
ನಾನು ಗಕ್ಕನೆ ನಿಂತೆ. ಯಾರೂ ಹತ್ತಲಿಲ್ಲ.

ಹಳ್ಳದ ಹತ್ತಿರ ಮೇಕೆಗಳು, ಅವುಗಳ ಹಿಂದೆ ಒಬ್ಬ ಅಜ್ಜ,
ಹೆಸರು ಹಾಲೇಶಪ್ಪನಂತೆ, ಅದು ಆಮೇಲೆ ತಿಳಿದದ್ದು.
ಮೊದಲು ಅವನು ನನ್ನನ್ನೇ ದಿಟ್ಟಿಸಿ ಅಂದದ್ದು:
"ನೀನು ಬಸ್ಸಿನಾಕಿ ಅಲ್ಲೇನವ್ವ?
ನಂಗ ನಾಕ್ ರೂಪಾಯಿ ಕೊಡದೈತಿ ನೀನು."
ಕೋಲು ಕಂಕುಳಿಗೆ ಸಿಕ್ಕಿಸಿ, ಎಲೆಯಡಿಕೆ ಚೀಲ ಬಿಚ್ಚಿ,
ಸುಣ್ಣ ಮೆತ್ತಿದ ಟಿಕೆಟ್ಟು ತೆಗೆದ.
ಅಚ್ಚಿನಕ್ಷರ ಅಳಿಸಿಹೋಗಿದೆ. ಹಿಂದೆ ನನ್ನದೇ ಕೈಬರಹ:
ನಾಲ್ಕು, ಸುತ್ತ ಒಂದು ಗೆರೆ.

ಆ ನೂಕಾಟದಲ್ಲಿ ಎಷ್ಟು ನಾಲ್ಕುಗಳ ಬರೆದೆನೋ,
ಎಷ್ಟು ಜನ ಕೇಳಲು ಮರೆತು ಇಳಿದುಹೋದರೋ.
ನನ್ನ ಹತ್ತಿರ ಇವತ್ತು ಚರ್ಮದ ಚೀಲವಿಲ್ಲ,
ನೂರರದೊಂದೇ ನೋಟು.
"ಚಿಲ್ಲರೆ ಇಲ್ಲ, ಅಜ್ಜ," ಅಂದೆ,
ಅಂದ ಕೂಡಲೇ ನನಗೇ ನಗು ಬಂತು, ಅವನಿಗೂ.

ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಇಬ್ಬರೂ ತಿಂದೆವು.
ಮೆಣಸಿನಕಾಯಿ ಅವನಿಗೆ ಬೇಡ, ಹಲ್ಲಿಲ್ಲ.
ಅವನು ಕೊಟ್ಟ ಒಂದು ಬೊಗಸೆ ಕವಳಿಹಣ್ಣು
ಹುಳಿಗೆ ಒಂದು ಕಣ್ಣು ತಾನೇ ಮುಚ್ಚಿಕೊಂಡಿತು.

"ಕೆರೆ ಪೂರಾ ಸುತ್ತಬೇಕಂತ ಬಂದೆ."
"ಸುತ್ತಾಕ ಬರಂಗಿಲ್ಲವ್ವ, ಮುಂದ ಕೆಸರು ಐತಿ, ಹುಗೀತೀಯ.
ಬಂದ್ ದಾರ್‍ಯಾಗ ಹೋಗು. ಹೊತ್ತು ತಿರುಗೈತಿ,
ಬ್ಯಾರೇನೇ ಕಾಣ್ತೈತಿ."

ಹೌದು, ಬೇರೆಯೇ ಕಂಡಿತು.
ಬೆಳಿಗ್ಗೆ ಹಳದಿಯಿದ್ದ ತಂಗಡಿ ಈಗ ತಾಮ್ರ,
ಏರಾಗಿ ಸುಸ್ತು ಮಾಡಿದ್ದು ಇಳಿಜಾರಾಗಿ ನೂಕುತ್ತಿತ್ತು.
ಜಾರುಬಂಡೆಯ ತುದಿ ಖಾಲಿ.
ಟವೆಲ್ಲು ಅಲ್ಲೇ ಇತ್ತು.

ಐದೂವರೆಯ ಬಸ್ಸು. ಕಂಡಕ್ಟರು ಹೊಸ ಹುಡುಗ,
ನನ್ನ ಗುರುತಿಲ್ಲ. "ಒಳಗ್ ಹೋಗ್ರಿ, ಒಳಗ್ ಹೋಗ್ರಿ."
ಹೋದೆ. ಬಲಗಡೆಯ ಕಿಟಕಿ ಸಿಕ್ಕಿತು.
ಬೂಟು ಬಿಚ್ಚಿ, ಹೊಸ ಸೊನ್ನೆ ಟಿಕೆಟ್ಟ ತೊಡೆಯ ಮೇಲೆ ಮಗುಚಿ,
ಪಕ್ಕದವಳ ಪೆನ್ನು ಕೇಳಿ ಇಸಕೊಂಡು ಬರೆದೆ:
ನಾಲ್ಕು ರೂಪಾಯಿ, ಒಂದು ಬೊಗಸೆ ಕವಳಿ.
ಗೆರೆ ಸುತ್ತುವಾಗ ಬಸ್ಸು ಹಂಪಿನ ಮೇಲೆ ಎಗರಿತು,
ಒಂದು ಕಡೆ ಕೂಡಲಿಲ್ಲ.