ಮೂರೂವರೆ ಇಂಚು

ಸುವೈಕ್‌ನ ತೋಟದಲ್ಲಿ
ಡೀಸೆಲ್ ಎಂಜಿನ್ ಸತ್ತು ಒಂಬತ್ತು ದಿನ.
ಖರ್ಜೂರದ ಬುಡದ ಮಣ್ಣು ಹಪ್ಪಳವಾಗಿ ಎದ್ದಿತ್ತು,
ಕಾಲಿಟ್ಟರೆ ಮುರಿಯುವ ಸದ್ದು.

ಪಂಪು ಮಾತ್ರ ಗಟ್ಟಿ.
ಹಳೇ ಎಣ್ಣೆ, ಮರಳು, ಕೆರೆದು ಒರೆಸಿದರೆ
ಹಿತ್ತಾಳೆ ಫಲಕದಲ್ಲಿ: ಒಂಬೈನೂರ ಅರವತ್ತು.
ನಿಮಿಷಕ್ಕೆ ಅಷ್ಟು ಸುತ್ತು, ಅದಕ್ಕಿಂತ ಹೆಚ್ಚು ಬೇಡ
ಎಂದು ಹುಟ್ಟುವಾಗಲೇ ಬರೆಸಿಕೊಂಡು ಬಂದದ್ದು.

ಮಸ್ಕತ್ತಿನಿಂದ ಹಲಗೆಪೆಟ್ಟಿಗೆಯಲ್ಲಿ ಇಳಿದ
ಹೊಸ ಮೋಟಾರಿನ ಹಣೆಯಲ್ಲಿ
ಸಾವಿರದ ನಾನ್ನೂರ ನಲವತ್ತು.
ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ನೊಗ ಹೂಡುವ ಸಂಬಳ ನನಗೆ.
ಕಟಪಾಡಿಯ ಅಕ್ಕಿಗಿರಣಿಯಲ್ಲಿ ಚರ್ಮದ ಬೆಲ್ಟು ಹೊಲಿಯುತ್ತ
ಕಲಿತದ್ದು ಇದೊಂದೇ ಲೆಕ್ಕ:

ಬೆಲ್ಟಿಗೆ ಎರಡು ಓಟ ಗೊತ್ತಿಲ್ಲ.
ಸಣ್ಣ ಗಾಲಿಯ ಮೇಲೂ ದೊಡ್ಡದರ ಮೇಲೂ
ಅದು ಹರಿಯುವುದು ಒಂದೇ ಹದದಲ್ಲಿ.
ಸಣ್ಣದು ಮೂರು ಸಲ ತಿರುಗಿ ಸುಸ್ತಾದರೆ
ದೊಡ್ಡದು ಎರಡು ಸಲ ಹೊರಳಿ ಸುಮ್ಮನಾಗುತ್ತದೆ.
ಪಂಪಿಗೆ ಆರು ಇಂಚು, ಮೋಟಾರಿಗೆ ನಾಲ್ಕು.
ಸೀಮೆಸುಣ್ಣದಲ್ಲಿ ಗೋಡೆಗೆ ಬರೆದೆ.
ಚಿತ್ತಗಾಂವಿನ ಮೊಫಿಜ್
ಬೆರಳ ಗೆಣ್ಣಿನಲ್ಲಿ ಎಣಿಸಿ ತಲೆ ಹಾಕಿದ.

ಖಲ್ಫಾನ್ ಒಪ್ಪಲಿಲ್ಲ.
"ಓಡುವ ಕುದುರೆ ತಂದು ಕಾಲು ಕಟ್ಟುತ್ತೀಯಾ?
ಸಮಸಮ ಹಾಕು. ನನ್ನ ಬಾವಿ, ನನ್ನ ದುಡ್ಡು."
ಹಾಕಿದೆವು, ಆರಕ್ಕೆ ಆರು.
ನೀರು ಕೊಳವೆಯಿಂದ ಹೊರಬಿತ್ತು
ಬಿಡಿಸಿಕೊಂಡ ಕರುವಿನ ಹಾಗೆ.
ಖಲ್ಫಾನ್ ದಿಶ್‌ದಾಶಾ ಮೊಣಕಾಲಿಗೆತ್ತಿ ನಕ್ಕ.

ಹನ್ನೊಂದನೇ ನಿಮಿಷ:
ಸ್ಟಾರ್ಟರು ಟಪ್ ಎಂದಿತು.
ಮೋಟಾರಿನ ಮೈ ದೋಸೆ ಹಂಚು.
ಅರಬ್ಬಿ, ಹಿಂದಿ, ಕೈಸನ್ನೆ ಮೂರನ್ನೂ ಕಲಸಿ ಹೇಳಿದೆ:
ಓಟ ಒಂದೂವರೆಯಾದರೆ ಹೊರೆ ಒಂದೂವರೆಯಲ್ಲ ಮಾಲೀಕರೇ,
ಮೂರನ್ನು ದಾಟುತ್ತದೆ.
ಅವನು ಮೊಬೈಲು ನೋಡಿದ.

ನಾಲ್ಕು ಇಂಚಿನದನ್ನು ಏರಿಸಿದೆ.
ಎರಡೂ ಗಾಲಿಯ ಮುಖಕ್ಕೆ ನೂಲು ಹಿಡಿದು,
ಕೂದಲೆಳೆ ವಾಲಿದ್ದನ್ನು ತಟ್ಟಿ ಸರಿಮಾಡಿ,
ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿದೆ.
ಅರ್ಧ ಇಂಚು ತಗ್ಗಿತು, ಸಾಕು.
ನೀರು ಈ ಸಲ ಮಾತಾಡುತ್ತ ಬಂತು, ಕಿರುಚದೆ.

ಆಗ ಬಂದದ್ದು ಅವನ ತಾಯಿ ಮೌಜಾ.
ಕಾಲುವೆಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಬೊಗಸೆ ಬಾಯಿಗಿಟ್ಟು
ಪಕ್ಕಕ್ಕೆ ಉಗಿದರು.
"ಮಾಲಿಹ್."
ಉಪ್ಪು.

ಯಾರೂ ಏನೂ ಅನ್ನಲಿಲ್ಲ.
ಸಮುದ್ರ ಅಲ್ಲಿಂದ ಎರಡು ಕಿಲೋಮೀಟರು,
ಮೀನುಲಾರಿಯ ರಸ್ತೆ ದಾಟಿದರೆ.
ಆದರೆ ನೆಲದಡಿ ಅಷ್ಟು ದೂರ ಇಲ್ಲ ಅದು.
ಸಿಹಿನೀರಿನ ತೆಳು ಕಂಬಳಿ ಹೊದ್ದು ಮಲಗಿದೆ,
ಮೇಲಿನಿಂದ ಜಗ್ಗಿದಷ್ಟೂ
ಮಂಡಿಯೂರಿ ಏಳುತ್ತದೆ.
ಡೀಸೆಲ್ಲಿನವನೂ ಜಗ್ಗಿದ್ದ, ಇಪ್ಪತ್ತು ವರ್ಷ.
ಫಲಕದ ಅಂಕಿ ಪಂಪಿನದು.
ಬಾವಿಗೆ ಯಾರೂ ಫಲಕ ಹೊಡೆದಿರಲಿಲ್ಲ.

ನಾನು ಸ್ಪ್ಯಾನರು ತೆಗೆದುಕೊಂಡೆ.
ಮತ್ತೆ ಬಿಚ್ಚಿ, ಕೀಲಿ ಎಳೆದು,
ಚೀಲದ ತಳದಲ್ಲಿದ್ದ ಮೂರೂವರೆ ಇಂಚಿನ ಗಾಲಿ.
ಎಂಟುನೂರ ನಲವತ್ತು ಸುತ್ತು.
ಎಂಟು ಗಂಟೆಯ ನೀರಿಗೆ ಒಂಬತ್ತು ಗಂಟೆಗೂ ಮೇಲೆ,
ಅದೂ ರಾತ್ರಿ, ನಡುವೆ ಬಿಡುವು ಕೊಟ್ಟು.
ಖಲ್ಫಾನ್ ಸಣ್ಣಗಾದ ಧಾರೆಯನ್ನು ನೋಡಿ
ಕಾರು ಹತ್ತಿ ಹೋದ.
ಕೂಲಿ ಕೊಟ್ಟದ್ದು ತಾಯಿ, ಒಂದು ಗಾಲಿಯದು ಮಾತ್ರ.
ನಾನೂ ಮೂರು ಬರೆದಿರಲಿಲ್ಲ.

ಎರಡು ತಿಂಗಳ ಮೇಲೆ ಗ್ರೀಸ್ ತುಂಬಲು ಹೋದೆ.
ಮೊಫಿಜ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದ,
ಪರೀಕ್ಷೆ ಪಾಸಾದವನ ಮುಖ.
ಮೌಜಾ ಬೊಗಸೆ ಎತ್ತಿ ಕುಡಿದರು.
ಉಗಿಯಲಿಲ್ಲ. ಹೊಗಳಲೂ ಇಲ್ಲ.

ಅಂಗಳದಲ್ಲಿ ಒಣನಿಂಬೆಯ ಡ್ರಮ್ಮು.
ಗಾಳಿಗೆ ಮುಚ್ಚಳ ಹಾರದ ಹಾಗೆ
ಮೇಲೆ ಕೂತಿತ್ತು ಆ ಆರು ಇಂಚಿನ ಗಾಲಿ,
ನಿಮಿಷಕ್ಕೆ ಸೊನ್ನೆ ಸುತ್ತು,
ಒಂದು ಗುಬ್ಬಿಯನ್ನು ಹೊತ್ತು.