ನಲವತ್ತು ಸೆಂಟಿಮೀಟರ್

ಸಭೆ ಶುರುವಾದಾಗ ಫ್ಯಾನು ನಿಂತಿತ್ತು.
ಮಜುರೊದಲ್ಲಿ, ಚರ್ಚಿನ ಹಿಂದಿನ ಕೋಣೆ.
ಮೇಜಿನ ಮೇಲೆ ನಮ್ಮ ದ್ವೀಪ, ಕಾಗದದ್ದು,
ಹಾರದಂತೆ ನಾಲ್ಕು ಮೂಲೆಗೂ ಸೋಡಾ ಡಬ್ಬಿ.

ನಾನು ದುಭಾಷಿ, ಗಂಟೆಗಿಷ್ಟು ಡಾಲರು.
ಅವರ ಮಾತು ಇವರ ಕಿವಿಗೆ, ಇವರದು ಅವರಿಗೆ
ತುಳುಕದಂತೆ ಹೊರುವವಳು.
ಆ ದ್ವೀಪವನ್ನು ನಾನು ಕಂಡವಳಲ್ಲ.

ಐವತ್ತು ಮೀಟರಿಗೊಂದು ಗೆರೆ,
ನೆಲವೆಲ್ಲ ಚೌಕ ಚೌಕ:
ಕೆಂಪು, ಕೆಂಪು, ಹಳದಿ, ಎಲ್ಲೋ ಎರಡು ಹಸಿರು.
ಮೊದಲೂ ಅಲ್ಲಿ ಗೆರೆಗಳಿದ್ದವು,
ಒಳಗಡಲಿನಿಂದ ಹೊರಗಡಲಿಗೆ
ಚಾಪೆ ಹಾಸಿದಂತೆ ಉದ್ದುದ್ದ ಪಟ್ಟಿಗಳು.
ತಾಯಿಯಿಂದ ಮಗಳಿಗೆ ಬಂದವು,
ಒಂದೊಂದಕ್ಕೂ ಹೆಸರು.
ಸಿ-ಹದಿನೇಳು ಎಂಬ ಚೌಕದಲ್ಲಿ
ನೈಜೊಕಳ ಪಟ್ಟಿಯ ಸೊಂಟ ಮಾತ್ರ ಇತ್ತು.

ಎಂಜಿನಿಯರ್ ಟಾಲ್ಮನ್ ಕೆಟ್ಟವನಲ್ಲ.
ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು.
ಎರಡು ದಾರಿ, ಎಂದ.
ಒಂದು, ಮೇಲಿನ ನಲವತ್ತು ಸೆಂಟಿಮೀಟರ್
ಕೆರೆದು ತೆಗೆಯುವುದು. ಸೀಸಿಯಂ ಹೋಗುತ್ತದೆ.
ಜೊತೆಗೆ ಎಲೆ ಕೊಳೆತು ಕಪ್ಪಾದ ಮಣ್ಣೂ ಹೋಗುತ್ತದೆ,
ಮರಗಳೂ. ಉಳಿಯುವುದು ಮರಳು.
ಇನ್ನೊಂದು, ಮಣ್ಣು ಮುಟ್ಟದೆ
ಪೊಟ್ಯಾಸಿಯಂ ಗೊಬ್ಬರ ಚೆಲ್ಲುವುದು.
ತೆಂಗಿನ ಬೇರಿಗೆ ಹಸಿವು ತೀರಿದರೆ
ವಿಷವನ್ನು ಅಷ್ಟಾಗಿ ಹೀರದು.
ಆದರೆ ಮತ್ತೆ ಮತ್ತೆ ಚೆಲ್ಲಬೇಕು, ಮರೆಯದೆ.
ಎಷ್ಟು ಕಾಲ?
ಆತ ಮೊಮ್ಮಕ್ಕಳ ಲೆಕ್ಕದಲ್ಲಿ ಹೇಳಿದ.

ವಿಷ ಅಂದೆನಲ್ಲ, ಅದಕ್ಕೆ ನಾವು 'ಪೈಜಿನ್' ಅನ್ನುತ್ತೇವೆ,
ಅವರದೇ ಮಾತು, ನಮ್ಮ ನಾಲಿಗೆಗೆ ಸವೆದದ್ದು.
ಬಾಂಬು ತಂದ ಹಡಗಿನಲ್ಲೇ ಬಂದಿರಬೇಕು,
ಹಡಗು ಮರಳಿದಾಗ ಹತ್ತಲಿಲ್ಲ.

ಆಗ ಲಿತರ್ಜಿಕ್, ತೊಂಬತ್ತರ ಹತ್ತಿರದವಳು,
ಗಂಟಲಿನಡಿ ಹಳೆಯ ಹೊಲಿಗೆಯ ಗೆರೆ,
ಕೇದಗೆ ಗರಿಯ ಬೀಸಣಿಗೆ ನಿಲ್ಲಿಸಿ ಕೇಳಿದಳು:
"ನಮ್ಮಜ್ಜಿ ಎಷ್ಟು ಸೆಂಟಿಮೀಟರಿನಲ್ಲಿದ್ದಾಳೆ?"

ದಾಟಿಸಿದೆ.
ಟಾಲ್ಮನ್ ಪೆನ್ನಿನ ಮುಚ್ಚಳ ತೆಗೆದ,
ಬರೆಯಲಿಲ್ಲ.
ನಕ್ಷೆಯಲ್ಲಿ ಸ್ಮಶಾನದ ಚೌಕ ಬಿಳಿಯಾಗಿಯೇ ಇತ್ತು.

"ಕೆರೆದದ್ದನ್ನು ಎಲ್ಲಿ ಹಾಕುತ್ತೀರಿ?"
ದೋಣಿ ರಿಪೇರಿಯ ಜೊರ್ಕಾನ್ ಕೇಳಿದ.
ಉತ್ತರಕ್ಕೊಂದು ಪುಟ್ಟ ದ್ವೀಪ, ಯಾರೂ ಇಲ್ಲದ್ದು,
ಮೇಲೆ ಕಾಂಕ್ರೀಟಿನ ಮುಚ್ಚಳ.
"ಯಾರೂ ಇಲ್ಲದ್ದು ಅಂದರೆ?
ನಮ್ಮದರಲ್ಲೂ ಈಗ ಯಾರೂ ಇಲ್ಲ."
ಇದನ್ನು ಕೊಂಚ ಮೆತ್ತಗೆ ಮಾಡಿ ದಾಟಿಸಿದೆ.
ಆ ಮೆತ್ತಗಿನದು ಇನ್ನೂ ಬಾಯಲ್ಲಿದೆ.

ಊಟಕ್ಕೆ ಅನ್ನ, ಡಬ್ಬಿಯ ಮೀನು.
ತೆಂಗಿನ ಏಡಿಯ ಮಾತು ಬಂತು,
ಅಲ್ಲಿಯದು ಎಷ್ಟು ದಪ್ಪ, ಬೆನ್ನಡಿಯ ಎಣ್ಣೆ ಎಷ್ಟು ರುಚಿ,
ಅದು ತಿನ್ನಬಾರದ ಪಟ್ಟಿಯಲ್ಲಿ ಮೊದಲನೆಯದು.
ಎಲ್ಲರೂ ನಕ್ಕರು, ಟಾಲ್ಮನ್ ತಡವಾಗಿ.

ಮಧ್ಯಾಹ್ನ ಕೈ ಎತ್ತುವ ಹೊತ್ತು.
ಲಿತರ್ಜಿಕ್ ಎರಡಕ್ಕೂ ಎತ್ತಲಿಲ್ಲ.
"ಗೊಬ್ಬರದ ಚೀಲ ಹೊತ್ತು
ನನ್ನ ಮರಿಮಗಳ ಕಾಲಕ್ಕೆ ಬರುವವರು ಯಾರು?"
ಇಲಾಖೆ, ಎಂದ.
"ಇಲಾಖೆ ಯಾರ ಮಗಳು?"

ಇದನ್ನು ಮಾತ್ರ ಹಾಗೆಯೇ ದಾಟಿಸಿದೆ,
ಒಂದಕ್ಷರ ಬಿಡದೆ.
ಫ್ಯಾನು ತಿರುಗಿ, ಕಾಗದದ ದ್ವೀಪದ ಅಂಚು ಪಟಪಟಿಸಿತು.
ತೀರ್ಮಾನ ಮುಂದಿನ ತಿಂಗಳಿಗೆ.

ಹೊರಗೆ, ಲಾರಿಗೆ ಕಾಯುತ್ತ, ಮುದುಕಿಯನ್ನು ಕೇಳಿದೆ:
ನಮ್ಮಮ್ಮನ ತಾಯಿಯ ಪಟ್ಟಿ ಯಾವುದು?
ಯಾರ ಮಗಳು ನೀನು, ಎಂದಳು. ಹೇಳಿದೆ.
ಕಣ್ಣು ಮುಚ್ಚಿ ಒಳಗಡಲ ಕಡೆಯಿಂದ ನಡೆದು ಬಂದವಳಂತೆ
ತಡೆದು, ತಡೆದು, ಒಂದು ಹೆಸರು ಹೇಳಿದಳು.

ಗಂಟೆ ಲೆಕ್ಕದ ಚೀಟಿಯ ಹಿಂದೆ ಬರೆದುಕೊಂಡೆ.
ಚೀಟಿ ಕೊಟ್ಟರೆ ಹಣ.
ಇನ್ನೂ ಕೊಟ್ಟಿಲ್ಲ.